ತಪ್ಪು ನಿಮ್ಮದಲ್ಲ, ಭಾಷೆಯದ್ದೇ ಆಗಿದ್ದರೆ? ಲಿಸ್ಪ್ ಮತ್ತು ಬಗ್ ದುರಸ್ತಿಯ ಒಳಕತೆ

"ಕಂಪ್ಯೂಟರ್ ಯಾವತ್ತೂ ತಪ್ಪು ಮಾಡುವುದಿಲ್ಲ, ತಪ್ಪೆಲ್ಲ ಅದನ್ನು ಬಳಸುವವರದ್ದೇ." ಈ ಮಾತನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕೇಳಿಯೇ ಇರುತ್ತೇವೆ. ಹೊಸದಾಗಿ ಪ್ರೋಗ್ರಾಮ್ ಬರೆಯಲು ಕಲಿಯುವವರಂತೂ ಇದನ್ನು ವೇದವಾಕ್ಯದಂತೆ ನಂಬುತ್ತಾರೆ. ಉತ್ತರ ತಪ್ಪಾಗಿ ಬಂದರೆ ತಮಗೇ ಏನೋ ಗೊತ್ತಾಗಲಿಲ್ಲ ಎಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಈ ನಂಬಿಕೆ ಎಷ್ಟರಮಟ್ಟಿಗೆ ನಿಜ?

ಒಂದು ಸಣ್ಣ ಉದಾಹರಣೆಯಿಂದ ಶುರು ಮಾಡೋಣ. ಮೈಸೂರಿನ ಅಶೋಕಪುರಂನಲ್ಲಿ ಒಬ್ಬ ಬಿಸಿಎ ವಿದ್ಯಾರ್ಥಿನಿ ಇದ್ದಾಳೆ ಎಂದುಕೊಳ್ಳಿ. ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯುತ್ತಿರುವ ಆಕೆ ತನ್ನ ಬಡಾವಣೆಯ ಹೆಸರನ್ನೇ ಅದಕ್ಕೆ ಕೊಟ್ಟು, ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳುತ್ತಾಳೆ. ಅ, ಶೋ, ಕ, ಪು, ರಂ: ನಮ್ಮ ಲೆಕ್ಕದಲ್ಲಿ ಐದು. ಲಿಸ್ಪ್ ಕೊಡುವ ಉತ್ತರ 8. ಸರಿ, ಹೆಸರನ್ನು ತಿರುಗುಮುರುಗು ಮಾಡು ಎಂದರೆ "ರಂಪುಕಶೋಅ" ಎಂದು ಬರಬೇಕಾದ ಜಾಗದಲ್ಲಿ, ಮೊದಲಿಗೆ ಒಂಟಿ ಸೊನ್ನೆಯೊಂದು ನೇತಾಡುತ್ತಾ, ಅದರ ಹಿಂದೆ "ರುಪಕೋಶಅ" ಎಂದು ಬರುತ್ತದೆ. 'ಶೋ'ದ ಓತ್ವ ಹೋಗಿ 'ಕ'ಕ್ಕೆ ಅಂಟಿಕೊಂಡಿದೆ, 'ಪು'ವಿನ ಕೊಂಬು 'ರ'ಕ್ಕೆ ಬಂದಿದೆ.

ಈಗ ತಪ್ಪು ಯಾರದ್ದು? ಹುಡುಗಿಯದ್ದೇ, ಲಿಸ್ಪ್‌ನದ್ದೇ, ಅಥವಾ ಕನ್ನಡವನ್ನು ಕಂಪ್ಯೂಟರಿನೊಳಗೆ ಇಡುವ ರೀತಿಯದ್ದೇ? ಬಗ್ ದುರಸ್ತಿ ಎನ್ನುವುದು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಬಗ್ ಅಂದರೆ ಹುಳುವೇ?

ಮೊದಲು ಒಂದು ಜನಪ್ರಿಯ ಕತೆಯನ್ನು ಪರೀಕ್ಷಿಸೋಣ. ಕಂಪ್ಯೂಟರಿನೊಳಗೆ ಪತಂಗವೊಂದು ಸಿಕ್ಕಿಹಾಕಿಕೊಂಡಿದ್ದರಿಂದಲೇ ತಪ್ಪುಗಳಿಗೆ 'ಬಗ್' ಎಂಬ ಹೆಸರು ಬಂತು ಎಂದು ಹೇಳುವುದುಂಟು. ಪತಂಗ ಸಿಕ್ಕಿದ್ದು ನಿಜ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್‌ನ ಮಾರ್ಕ್ 2 ಯಂತ್ರದಲ್ಲಿ ಸಿಕ್ಕ ಪತಂಗವನ್ನು ಅಲ್ಲಿನವರು ದಿನಚರಿ ಪುಸ್ತಕಕ್ಕೆ ಅಂಟಿಸಿ, ನಿಜವಾದ ಬಗ್ ಸಿಕ್ಕಿದ ಮೊದಲ ಪ್ರಕರಣ ಎಂಬರ್ಥದ ಟಿಪ್ಪಣಿ ಬರೆದರು. ಆದರೆ ಆ ತಮಾಷೆ ಅರ್ಥವಾಗಬೇಕಾದರೆ 'ಬಗ್' ಎಂಬ ಪದ ಅಷ್ಟರಲ್ಲೇ ಬಳಕೆಯಲ್ಲಿರಬೇಕಲ್ಲವೆ? ಥಾಮಸ್ ಎಡಿಸನ್ 1878ರಲ್ಲೇ ತನ್ನ ಪತ್ರವೊಂದರಲ್ಲಿ ಯಂತ್ರಗಳ ಸಣ್ಣಪುಟ್ಟ ತೊಡಕುಗಳನ್ನು ಇದೇ ಹೆಸರಿನಿಂದ ಕರೆದಿದ್ದ.

ಪದದ ಮೂಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಹುಳು ಹೊರಗಿನಿಂದ ಬರುವಂಥದ್ದು. ತಂತ್ರಾಂಶದ ಬಗ್ ಹಾಗೆ ಬರುವುದಿಲ್ಲ, ಅದನ್ನು ಮನುಷ್ಯರೇ ಬರೆದಿರುತ್ತಾರೆ. ಬಹಳಷ್ಟು ಸಲ ಬರೆದವರಿಗೆ ಅದು ತಪ್ಪು ಎಂದು ಅನಿಸಿಯೇ ಇರುವುದಿಲ್ಲ.

ಭಾಷೆಯನ್ನೂ ಯಾರೋ ಬರೆದಿರುತ್ತಾರೆ

ನಾವು ಪ್ರೋಗ್ರಾಮಿಂಗ್ ಭಾಷೆ ಎಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಸೇರಿಸಿ ಹೇಳುತ್ತಿರುತ್ತೇವೆ. ಒಂದು, ಭಾಷೆಯ ನಿಯಮಗಳು. ಹೀಗೆ ಬರೆದರೆ ಹೀಗೆ ಆಗಬೇಕು ಎಂಬ ವ್ಯಾಕರಣ. ಇನ್ನೊಂದು, ಆ ನಿಯಮಗಳಂತೆ ಕೆಲಸ ಮಾಡಿಸುವ ತಂತ್ರಾಂಶ. ಲಿಸ್ಪ್‌ನಲ್ಲಿ (+ 2 3) ಎಂದು ಬರೆದರೆ 5 ಬರಬೇಕು ಎನ್ನುವುದು ನಿಯಮ. ನಿಮ್ಮ ಕಂಪ್ಯೂಟರಿನಲ್ಲಿ ನಿಜವಾಗಿ 5 ಬರುವಂತೆ ಮಾಡುವುದು ಭಾಷೆಯನ್ನು ಓಡಿಸುವ ತಂತ್ರಾಂಶದ ಕೆಲಸ. ಅದೂ ಒಂದು ಪ್ರೋಗ್ರಾಮೇ ಆದ್ದರಿಂದ ಅದರಲ್ಲೂ ಬಗ್ ಇರಬಹುದು.

ಲಿಸ್ಪ್ ಬಹಳ ಹಳೆಯ ಭಾಷೆ. ಅಮೆರಿಕದ ಎಂಐಟಿಯಲ್ಲಿ ಜಾನ್ ಮೆಕಾರ್ಥಿ 1958ರಲ್ಲಿ ಅದರ ಕೆಲಸ ಆರಂಭಿಸಿದರು, 1960ರಲ್ಲಿ ಅದರ ಕುರಿತ ಪ್ರಸಿದ್ಧ ಪ್ರಬಂಧ ಪ್ರಕಟವಾಯಿತು. ಲಿಸ್ಪ್ ವಾಕ್ಯದ ಅರ್ಥವನ್ನು ಲೆಕ್ಕ ಹಾಕುವ ವಿಧಾನವನ್ನು ಲಿಸ್ಪ್‌ನಲ್ಲೇ ಬರೆದು ತೋರಿಸಬಹುದು ಎಂಬುದು ಮೆಕಾರ್ಥಿಯವರ ಪಾಲಿಗೆ ಕಾಗದದ ಮೇಲಿನ ಸಿದ್ಧಾಂತವಾಗಿತ್ತು. ಸ್ಟೀವ್ ರಸೆಲ್ ಎಂಬ ಸಹೋದ್ಯೋಗಿ, ಇದನ್ನೇ ಯಂತ್ರದ ಭಾಷೆಗೆ ಇಳಿಸಿದರೆ ಲಿಸ್ಪ್ ಓಡುತ್ತದಲ್ಲ ಎಂದು ಗಮನಿಸಿ, ಐಬಿಎಂ 704 ಯಂತ್ರಕ್ಕಾಗಿ ಅದನ್ನು ಕೈಯಾರೆ ಬರೆದೇಬಿಟ್ಟರು. ಲಿಸ್ಪ್ ವಾಕ್ಯಗಳನ್ನು ಓದಿ ಅರ್ಥೈಸುವ ಮೊದಲ ತಂತ್ರಾಂಶ ಹುಟ್ಟಿದ್ದು ಹೀಗೆ. ಅದರ ಜೊತೆಗೇ ಒಂದು ದೊಡ್ಡ ಬಗ್ ಕೂಡ ಹುಟ್ಟಿತ್ತು.

ಯಾವ ರವಿಗೆ ಐನೂರು ರೂಪಾಯಿ?

ಆ ಬಗ್ ಅರ್ಥವಾಗಬೇಕಾದರೆ ಕಂಪ್ಯೂಟರ್ ಪಕ್ಕಕ್ಕಿಡೋಣ. ಅಶೋಕಪುರಂನ ಅಜ್ಜಿಯೊಬ್ಬರು ಚೀಟಿಯಲ್ಲಿ "ರವಿಗೆ ಐನೂರು ರೂಪಾಯಿ ಕೊಡಿ" ಎಂದು ಬರೆದು, ಬೆಂಗಳೂರಿನ ನೆಂಟರ ಮನೆಗೆ ಕಳಿಸುತ್ತಾರೆ. ಅಜ್ಜಿಯ ಮನಸ್ಸಿನಲ್ಲಿರುವುದು ತಮ್ಮ ಮೊಮ್ಮಗ ರವಿ. ಚೀಟಿ ಬಿಚ್ಚಿದ ಮನೆಯಲ್ಲೂ ಒಬ್ಬ ರವಿ ಇದ್ದಾನೆ. ಹಣ ಯಾರಿಗೆ ಹೋಗಬೇಕು? ಚೀಟಿ ಬರೆದ ಮನೆಯ ರವಿಗೋ, ಚೀಟಿ ಓದಿದ ಮನೆಯ ರವಿಗೋ?

ನಮಗೆ ಇದರಲ್ಲಿ ಗೊಂದಲವಿಲ್ಲ, ಬರೆದವರ ರವಿಗೇ ಹೋಗಬೇಕು. ಆದರೆ ಆರಂಭದ ಲಿಸ್ಪ್ ಓದಿದ ಮನೆಯ ರವಿಗೆ ಕೊಟ್ಟುಬಿಡುತ್ತಿತ್ತು. ಪ್ರೋಗ್ರಾಮಿನ ಒಂದು ತುಣುಕನ್ನು ಇನ್ನೊಂದಕ್ಕೆ ಕಳಿಸಿದಾಗ, ಎರಡರಲ್ಲೂ ಒಂದೇ ಹೆಸರು ಇದ್ದರೆ ಬೆಲೆಗಳು ಅದಲುಬದಲಾಗುತ್ತಿದ್ದವು. ಜೇಮ್ಸ್ ಸ್ಲೇಗಲ್ ಎಂಬ ಸಂಶೋಧಕರು ಬರೆದ ಪ್ರೋಗ್ರಾಮ್ ಒಂದು ಸರಿಯಾಗಿ ಕೆಲಸ ಮಾಡದಿದ್ದಾಗ ಇದು ಬೆಳಕಿಗೆ ಬಂತು. ಲಿಸ್ಪ್‌ನ ಇತಿಹಾಸ ಬರೆಯುವಾಗ ಮೆಕಾರ್ಥಿ ಇದನ್ನು ಮುಚ್ಚಿಡಲಿಲ್ಲ. ಇದೊಂದು ಸಾಧಾರಣ ಬಗ್, ರಸೆಲ್ ಬೇಗ ಸರಿಮಾಡುತ್ತಾರೆ ಎಂದೇ ತಾವು ಭಾವಿಸಿದ್ದಾಗಿ ಒಪ್ಪಿಕೊಂಡಿದ್ದಾರೆ.

ರಸೆಲ್ ಸರಿಮಾಡಿದರು. ಚೀಟಿಯ ಜೊತೆಗೆ "ಇದರಲ್ಲಿರುವ ರವಿ ಎಂದರೆ ನಮ್ಮ ಮನೆಯ ರವಿ" ಎಂಬ ಇನ್ನೊಂದು ಕಾಗದವನ್ನೂ ಲಕೋಟೆಗೆ ಹಾಕಿ ಕಳಿಸುವಂಥ ಏರ್ಪಾಟು ಅದು. ಅದಕ್ಕೆ 'ಫನಾರ್ಗ್' ಎಂದು ಹೆಸರಾಯಿತು. ಆದರೆ ಇದು ಸಾಧಾರಣ ಬಗ್ ಆಗಿರಲಿಲ್ಲ. ಒಂದು ಹೆಸರಿಗೆ ಅರ್ಥ ಎಲ್ಲಿಂದ ಬರುತ್ತದೆ ಎಂಬ ಮೂಲಭೂತ ಪ್ರಶ್ನೆ ಅದರೊಳಗಿತ್ತು. 1975ರಲ್ಲಿ ಬಂದ ಸ್ಕೀಮ್ ಎಂಬ ಲಿಸ್ಪ್ ಉಪಭಾಷೆ 'ಬರೆದ ಮನೆಯ ಅರ್ಥ'ವನ್ನೇ ನಿಯಮವಾಗಿ ತೆಗೆದುಕೊಂಡಿತು. ಮುಂದೆ ಕಾಮನ್ ಲಿಸ್ಪ್ ಕೂಡ ಅದನ್ನೇ ಸಾಮಾನ್ಯ ನಿಯಮವಾಗಿಸಿತು. ಅರ್ಥವನ್ನು ತನ್ನ ಜೊತೆಗೇ ಹೊತ್ತೊಯ್ಯುವ ಇಂಥ ತುಣುಕಿಗೆ ಈಗ 'ಕ್ಲೋಷರ್' ಎನ್ನುತ್ತಾರೆ. ಜಾವಾಸ್ಕ್ರಿಪ್ಟ್, ಪೈಥಾನ್ ಕಲಿತವರು ಈ ಹೆಸರನ್ನು ಕೇಳಿಯೇ ಇರುತ್ತಾರೆ.

ಸರಿಮಾಡುವುದೂ ಒಂದು ಸಮಸ್ಯೆ

ತಪ್ಪು ಗೊತ್ತಾದ ಮೇಲೆ ಸರಿಮಾಡಿದರಾಯಿತು, ಅದರಲ್ಲೇನಿದೆ ಎನಿಸಬಹುದು. ಇಲ್ಲೇ ಎರಡನೆಯ ತಪ್ಪು ನಂಬಿಕೆ ಇರುವುದು.

ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶವನ್ನು ನೋಡಿ. ರಿಚರ್ಡ್ ಸ್ಟಾಲ್‌ಮನ್ ಅವರ ಗ್ನೂ ಈಮ್ಯಾಕ್ಸ್ 1985ರಿಂದ ಬಳಕೆಯಲ್ಲಿದೆ. ಅದರೊಳಗೆ ಅದರದ್ದೇ ಒಂದು ಲಿಸ್ಪ್ ಇದೆ. ಆ ಲಿಸ್ಪ್ ಹಳೆಯ ರೀತಿಯನ್ನೇ, ಎಂದರೆ 'ಓದಿದ ಮನೆಯ ರವಿ' ಎಂಬ ನಿಯಮವನ್ನೇ ಪಾಲಿಸುತ್ತಿತ್ತು. ಕಾಲ ಕಳೆದಂತೆ ಜನ ಅದಕ್ಕಾಗಿ ಸಾವಿರಾರು ಪ್ರೋಗ್ರಾಮುಗಳನ್ನು ಬರೆದರು. ಕೆಲವು ಪ್ರೋಗ್ರಾಮುಗಳು ಆ ಹಳೆಯ ನಡವಳಿಕೆಯನ್ನೇ ನೆಚ್ಚಿಕೊಂಡಿದ್ದವು. ಒಂದೇ ದಿನ ನಿಯಮ ಬದಲಾಯಿಸಿದ್ದರೆ ನಿನ್ನೆಯವರೆಗೆ ಚೆನ್ನಾಗಿದ್ದವು ಇಂದು ಕೆಡುತ್ತಿದ್ದವು.

ಕೊನೆಗೆ 2012ರಲ್ಲಿ ಬಂದ 24ನೇ ಆವೃತ್ತಿಯಲ್ಲಿ ಒಂದು ಉಪಾಯ ಮಾಡಿದರು. ಹೊಸ ನಿಯಮ ಬೇಕೆನ್ನುವವರು ತಮ್ಮ ಕಡತದ ಮೊದಲ ಸಾಲಿನಲ್ಲಿ ಹಾಗೆಂದು ಸೂಚಿಸಬೇಕು, ಸೂಚಿಸದವರಿಗೆ ಹಳೆಯದೇ ನಿಯಮ. ನಡುವೆ 27 ವರ್ಷಗಳು ಕಳೆದಿದ್ದವು. ಬಗ್ ಎಷ್ಟು ದಿನ ಉಳಿಯುತ್ತದೋ ಅಷ್ಟು ಜನ ಅದರ ಮೇಲೆ ಮನೆ ಕಟ್ಟಿಕೊಂಡಿರುತ್ತಾರೆ. ಆ ಮನೆಗಳಿಗೆ ಧಕ್ಕೆಯಾಗದಂತೆ ಅಡಿಪಾಯ ಸರಿಪಡಿಸುವುದೇ ಕಷ್ಟದ ಕೆಲಸ.

ಖಾಲಿ ಎಂದುಕೊಂಡ ಕೋಣೆ

ಲಿಸ್ಪ್ ಜಗತ್ತಿಗೆ ಕೊಟ್ಟ ಇನ್ನೊಂದು ಮುಖ್ಯ ಕೊಡುಗೆ, ಬಳಸಿ ಮುಗಿದ ಮೆಮೊರಿಯನ್ನು ತಾನಾಗಿಯೇ ಮರಳಿ ಪಡೆಯುವ ವ್ಯವಸ್ಥೆ. ಇದನ್ನು 'ಗಾರ್ಬೇಜ್ ಕಲೆಕ್ಷನ್' ಎನ್ನುತ್ತಾರೆ. ಪ್ರೋಗ್ರಾಮ್ ಬರೆಯುವವರಿಗೆ ಇದರಿಂದ ಎಷ್ಟೋ ತಲೆನೋವು ತಪ್ಪುತ್ತದೆ. ಆದರೆ ಭಾಷೆಯನ್ನು ಓಡಿಸುವ ತಂತ್ರಾಂಶ ಬರೆಯುವವರಿಗೆ ಅತ್ಯಂತ ಕಾಡುವ ಬಗ್‌ಗಳು ಇಲ್ಲಿಯೇ ಅಡಗಿರುತ್ತವೆ.

ಹಾಸ್ಟೆಲ್ ವಾರ್ಡನ್ ಒಬ್ಬರು ತಿಂಗಳಿಗೊಮ್ಮೆ ಪಟ್ಟಿ ನೋಡಿ ಖಾಲಿ ಕೋಣೆಗಳನ್ನು ಹೊಸಬರಿಗೆ ಕೊಡುತ್ತಾರೆ ಎಂದುಕೊಳ್ಳಿ. ಒಬ್ಬ ವಿದ್ಯಾರ್ಥಿಯ ಹೆಸರು ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಅವನು ಊರಿಗೆ ಹೋಗಿದ್ದಾಗ ಕೋಣೆ ಬೇರೆಯವರ ಪಾಲಾಗುತ್ತದೆ. ಜಗಳ ಶುರುವಾಗುವುದು ಅವನು ಮರಳಿ ಬಂದು ಬಾಗಿಲು ತೆರೆದಾಗ. ತಪ್ಪು ನಡೆದದ್ದು ಪಟ್ಟಿ ಬರೆದ ದಿನ, ಕಂಡಿದ್ದು ಎಷ್ಟೋ ವಾರಗಳ ನಂತರ. ಅದೂ ಅವನು ಊರಿಗೆ ಹೋಗದೆ ಕೋಣೆಯಲ್ಲೇ ಇದ್ದಿದ್ದರೆ ಬೇರೆಯದೇ ರೀತಿಯಲ್ಲಿ ಕಾಣಿಸುತ್ತಿತ್ತು.

ಮೆಮೊರಿಯ ಬಗ್‌ಗಳೂ ಹೀಗೆಯೇ. ಇವತ್ತು ಬರುತ್ತವೆ, ನಾಳೆ ಬರುವುದಿಲ್ಲ. ಇವನ್ನು ಹಿಡಿಯಲು ಪರಿಣತರು ಬಳಸುವ ಉಪಾಯ ಸರಳವಾದದ್ದು: ವಾರ್ಡನ್ ತಿಂಗಳಿಗೊಮ್ಮೆ ಬರುವ ಬದಲು ಐದೈದು ನಿಮಿಷಕ್ಕೊಮ್ಮೆ ಬರುವಂತೆ ಮಾಡುವುದು. ಮೆಮೊರಿ ಮರಳಿ ಪಡೆಯುವ ಕೆಲಸವನ್ನು ಪ್ರತಿ ಹೆಜ್ಜೆಗೂ ಓಡಿಸಿದರೆ ಎಲ್ಲವೂ ತೀರಾ ನಿಧಾನವಾಗುತ್ತದೆ ನಿಜ, ಆದರೆ ತಪ್ಪು ನಡೆದ ಜಾಗದಲ್ಲೇ ಸಿಕ್ಕಿಬೀಳುತ್ತದೆ.

ತನ್ನನ್ನು ತಾನೇ ಕಟ್ಟುವ ತಂತ್ರಾಂಶ

ಅಶೋಕಪುರಂನವರಿಗೆ ದುರಸ್ತಿ ಹೊಸ ವಿಷಯವಲ್ಲ. ಇಲ್ಲಿನ ರೈಲ್ವೆ ವರ್ಕ್‌ಶಾಪ್ 1924ರಷ್ಟು ಹಳೆಯದು. ಓಡಿ ಸವೆದ ಬೋಗಿಗಳನ್ನು ಅಲ್ಲಿ ಬಿಚ್ಚಿ, ಪರೀಕ್ಷಿಸಿ, ಸರಿಮಾಡಿ ಮತ್ತೆ ಹಳಿಗೆ ಕಳಿಸುತ್ತಾರೆ. ಅಂಥ ಕಾರ್ಖಾನೆಯಲ್ಲಿ ಒಂದು ಲೇತ್ ಯಂತ್ರವೇ ಓರೆಯಾಗಿದ್ದರೆ ಏನಾಗುತ್ತದೆ ಯೋಚಿಸಿ. ಅದರಲ್ಲಿ ಕಡೆದ ಪ್ರತಿಯೊಂದು ಭಾಗವೂ ಓರೆಯಾಗುತ್ತದೆ. ಅದೇ ಲೇತ್‌ಗೆ ಬೇಕಾದ ಬಿಡಿಭಾಗವನ್ನು ಅದರಲ್ಲೇ ಕಡೆದರೆ, ಓರೆ ಹಾಗೇ ಮುಂದುವರಿಯುತ್ತದೆ.

ಎಸ್‌ಬಿಸಿಎಲ್ ಎಂಬ ಉಚಿತ, ಮುಕ್ತ ತಂತ್ರಾಂಶದ ಸ್ಥಿತಿ ಹೆಚ್ಚುಕಡಿಮೆ ಇದೇ. ಇದು ಕಾಮನ್ ಲಿಸ್ಪ್ ಓಡಿಸುವ ತಂತ್ರಾಂಶ, ಅದನ್ನು ಬಹುಪಾಲು ಬರೆದಿರುವುದೂ ಲಿಸ್ಪ್‌ನಲ್ಲೇ. ಪೂರ್ಣ ಹೆಸರು 'ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್'. ಅದರ ಮೂಲವಾದ ಸಿಎಂಯುಸಿಎಲ್ ಹುಟ್ಟಿದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ. ಕಾರ್ನೆಗಿ ಉಕ್ಕಿನ ಉದ್ಯಮಿ, ಮೆಲನ್ ಬ್ಯಾಂಕಿನವರು, ಹೆಸರಿನ ತಮಾಷೆ ಅದು. 1999ರಲ್ಲಿ ಎಸ್‌ಬಿಸಿಎಲ್ ಬೇರೆಯಾಗಲು ಒಂದು ಮುಖ್ಯ ಕಾರಣ ಈ ಲೇತ್ ಸಮಸ್ಯೆಯೇ: ತನ್ನ ಹಳೆಯ ಪ್ರತಿಯನ್ನೇ ನೆಚ್ಚಿಕೊಳ್ಳದೆ, ಬೇರೆ ಯಾವುದಾದರೂ ಕಾಮನ್ ಲಿಸ್ಪ್ ಬಳಸಿಯೂ ಅದನ್ನು ಮೊದಲಿನಿಂದ ಕಟ್ಟಲು ಸಾಧ್ಯವಾಗಬೇಕಿತ್ತು. ಬೇರೆ ಬೇರೆ ಲೇತ್‌ಗಳಲ್ಲಿ ಕಡೆದ ಭಾಗಗಳು ಒಂದೇ ಅಳತೆಗೆ ಬಂದರೆ, ಓರೆ ಇಲ್ಲ ಎಂಬ ಭರವಸೆ ಹೆಚ್ಚುತ್ತದೆ. ಅದರ ಹೊಸ ಆವೃತ್ತಿ ಸಾಮಾನ್ಯವಾಗಿ ತಿಂಗಳಿಗೊಂದರಂತೆ ಬರುತ್ತದೆ. ಜೊತೆಗೆ ಯಾವ ಯಾವ ಬಗ್ ಸರಿಮಾಡಲಾಗಿದೆ ಎಂಬ ಪಟ್ಟಿಯೂ ಇರುತ್ತದೆ. ಇಷ್ಟು ವರ್ಷಗಳ ನಂತರವೂ ಆ ಪಟ್ಟಿ ಬರಿದಾಗಿಲ್ಲ.

ಬಗ್ ಹುಡುಕುವ ಕ್ರಮ ಹೇಗೆ?

ಲಿಸ್ಪ್ ಆಗಲಿ, ಬೇರೆ ಯಾವುದೇ ಭಾಷೆಯಾಗಲಿ, ಕ್ರಮ ಬಹುತೇಕ ಒಂದೇ.

ಮೊದಲನೆಯದು, ತಪ್ಪು ಮತ್ತೆ ಮತ್ತೆ ಕಾಣಿಸುವಂತೆ ಮಾಡುವುದು. ಬೇಕೆಂದಾಗ ಕಾಣಿಸದ ತಪ್ಪನ್ನು ಸರಿಮಾಡಿದ್ದೇವೋ ಇಲ್ಲವೋ ಎಂದು ತಿಳಿಯಲು ದಾರಿಯೇ ಇಲ್ಲ.

ಎರಡನೆಯದು, ಚಿಕ್ಕದು ಮಾಡುವುದು. ಸಾವಿರ ಸಾಲಿನ ಪ್ರೋಗ್ರಾಮಿನಲ್ಲಿ ಕಂಡ ತಪ್ಪು ಐದು ಸಾಲಿನಲ್ಲೂ ಕಾಣಿಸುವಂತಾದರೆ ಅರ್ಧ ಕೆಲಸ ಮುಗಿದಂತೆ.

ಮೂರನೆಯದು, ಯಾವಾಗ ಕೆಟ್ಟಿತು ಎಂದು ಕಂಡುಹಿಡಿಯುವುದು. ಹಳೆಯ ಆವೃತ್ತಿಯಲ್ಲಿ ಸರಿಯಿತ್ತು, ಹೊಸದರಲ್ಲಿ ಇಲ್ಲ, ನಡುವೆ 1024 ಬದಲಾವಣೆಗಳಾಗಿವೆ ಎಂದುಕೊಳ್ಳಿ. ಎಲ್ಲವನ್ನೂ ನೋಡಬೇಕಿಲ್ಲ. ನಟ್ಟನಡುವಿನದನ್ನು ಪರೀಕ್ಷಿಸಿದರೆ ತಪ್ಪು ಯಾವ ಅರ್ಧದಲ್ಲಿದೆ ಎಂದು ತಿಳಿಯುತ್ತದೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ 10 ಪರೀಕ್ಷೆಗಳಲ್ಲಿ ಕೆಡಿಸಿದ ಬದಲಾವಣೆ ಸಿಗುತ್ತದೆ.

ನಾಲ್ಕನೆಯದು, ಸರಿಮಾಡಿದ ಮೇಲೆ ಆ ಚಿಕ್ಕ ಉದಾಹರಣೆಯನ್ನು ಎಸೆಯದೆ ಪರೀಕ್ಷೆಗಳ ಸಂಗ್ರಹಕ್ಕೆ ಸೇರಿಸುವುದು. ಮುಂದೆ ಯಾರಾದರೂ ಅರಿಯದೆ ಅದೇ ತಪ್ಪು ಮಾಡಿದರೆ ಆ ಪರೀಕ್ಷೆ ಕೂಡಲೇ ಎಚ್ಚರಿಸುತ್ತದೆ.

ಲಿಸ್ಪ್‌ನಲ್ಲಿ ಇವೆಲ್ಲದರ ಜೊತೆ ಇನ್ನೊಂದು ಅನುಕೂಲವಿದೆ. ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸದೆಯೇ ಒಳಗೆ ಏನಾಗುತ್ತಿದೆ ಎಂದು ಪ್ರಶ್ನಿಸಬಹುದು, ಭಾಗಗಳನ್ನು ಬದಲಾಯಿಸಲೂಬಹುದು. ಬೋಗಿಯನ್ನು ವರ್ಕ್‌ಶಾಪ್‌ಗೆ ತರದೆ, ಓಡುವ ರೈಲಿನಲ್ಲೇ ಪರೀಕ್ಷಿಸಿದಂತೆ. ನಾಸಾದ ಡೀಪ್ ಸ್ಪೇಸ್ 1 ನೌಕೆಯಲ್ಲಿ 1999ರ ಮೇ ತಿಂಗಳಲ್ಲಿ ಲಿಸ್ಪ್‌ನಲ್ಲಿ ಬರೆದ 'ರಿಮೋಟ್ ಏಜೆಂಟ್' ತಂತ್ರಾಂಶದ ಪ್ರಯೋಗ ನಡೆಯಿತು. ನಡುವೆ ಎರಡು ಕೆಲಸಗಳು ಒಂದನ್ನೊಂದು ಕಾಯುತ್ತಾ ಸಿಕ್ಕಿಹಾಕಿಕೊಂಡವು. ನೌಕೆ ಕೋಟ್ಯಂತರ ಕಿಲೋಮೀಟರ್ ದೂರದಲ್ಲಿತ್ತು. ಆದರೂ ಭೂಮಿಯಲ್ಲಿದ್ದವರು ಕಾರಣ ಪತ್ತೆ ಮಾಡಿ, ಕೆಲವೇ ದಿನಗಳಲ್ಲಿ ಪ್ರಯೋಗವನ್ನು ಪೂರ್ಣಗೊಳಿಸಿದರು. ಅಲ್ಲಿ ತಪ್ಪಿದ್ದದ್ದು ಲಿಸ್ಪ್‌ನಲ್ಲಲ್ಲ, ಲಿಸ್ಪ್‌ನಲ್ಲಿ ಬರೆದ ಪ್ರೋಗ್ರಾಮಿನಲ್ಲಿ. ಈ ವ್ಯತ್ಯಾಸವನ್ನು ಗುರುತಿಸುವುದೂ ದುರಸ್ತಿಯ ಭಾಗವೇ.

ಹಾಗಾದರೆ ನಮ್ಮ 8 ಎಲ್ಲಿಂದ ಬಂತು?

ಈಗ ಅಶೋಕಪುರಂಗೆ ಮರಳೋಣ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ವ್ಯಂಜನ, ಸ್ವರಚಿಹ್ನೆ, ಸೊನ್ನೆ ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಅ, ಶ, ಓತ್ವ, ಕ, ಪ, ಕೊಂಬು, ರ, ಸೊನ್ನೆ: ಒಟ್ಟು 8. ಲಿಸ್ಪ್ ಈ ಸಂಕೇತಗಳನ್ನು ಎಣಿಸುತ್ತದೆ, ನಮ್ಮ ಅಕ್ಷರಗಳನ್ನಲ್ಲ. ಭಾಷೆಯ ನಿಯಮದ ಪ್ರಕಾರ ಅದು ಸರಿಯಾದ ಉತ್ತರವೇ. ಯುನಿಕೋಡ್ ಅರಿಯದ ಹಳೆಯ ತಂತ್ರಾಂಶವಾಗಿದ್ದರೆ ಬೈಟ್‌ಗಳನ್ನು ಎಣಿಸಿ 24 ಎನ್ನುತ್ತಿತ್ತು, ಏಕೆಂದರೆ ಯುಟಿಎಫ್-8 ರೀತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು.

ಇಲ್ಲಿ ಇನ್ನೊಂದು ಮೋಸವಿದೆ. 'ಶೋ'ದಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಇಡಬಹುದು. ಯುನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಕಣ್ಣಿಗೂ ಎರಡೂ ಒಂದೇ. ಆದರೆ ಬಿಡಿಸಿ ಇಟ್ಟಾಗ ಎಣಿಕೆ 10 ಆಗುತ್ತದೆ. ಇವೆರಡೂ ಒಂದೇನಾ ಎಂದು ನೇರವಾಗಿ ಕೇಳಿದರೆ ಕಂಪ್ಯೂಟರ್ ಅಲ್ಲ ಎನ್ನುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಹಾಗೆ ಮಾಡದ ತಂತ್ರಾಂಶದಲ್ಲಿ ಪಟ್ಟಿಯಲ್ಲಿರುವ ಹೆಸರೇ ಹುಡುಕಿದಾಗ ಸಿಗದೆ ಹೋಗಬಹುದು. ವಿದ್ಯಾರ್ಥಿವೇತನದ ಪಟ್ಟಿಯೋ ಮತದಾರರ ಪಟ್ಟಿಯೋ ಆಗಿದ್ದರೆ ಅದು ಬರೀ ತಾಂತ್ರಿಕ ಕುತೂಹಲವಾಗಿ ಉಳಿಯುವುದಿಲ್ಲ.

ಪರೀಕ್ಷೆಗೆ ಯಾವ ಪದ ಆರಿಸುತ್ತೇವೆ ಎನ್ನುವುದೂ ಮುಖ್ಯ. 'ಕನ್ನಡ' ಎಂಬ ಪದವನ್ನು ತಿರುಗಿಸಿದರೆ 'ಡನ್ನಕ' ಎಂದು ಸರಿಯಾಗಿಯೇ ಬರುತ್ತದೆ, ಏಕೆಂದರೆ 'ನ್ನ' ಎರಡೂ ಕಡೆಯಿಂದ ಒಂದೇ. ಅದೊಂದನ್ನೇ ನೋಡಿದವರು ಎಲ್ಲ ಸರಿಯಿದೆ ಎಂದುಕೊಂಡಾರು. 'ಮೈಸೂರು' ಅಥವಾ 'ಅಶೋಕಪುರಂ' ಕೊಟ್ಟಾಗ ಬಣ್ಣ ಬಯಲಾಗುತ್ತದೆ.

ಈಮ್ಯಾಕ್ಸ್‌ನ ಲಿಸ್ಪ್ ಕಡತಗಳಲ್ಲಿ ಕನ್ನಡಕ್ಕೆಂದೇ ನಿಯಮಗಳಿವೆ. ಯಾವ ಸಂಕೇತಗಳು ಸೇರಿ ಒಂದು ಅಕ್ಷರವಾಗುತ್ತವೆ ಎಂದು ಅವು ಹೇಳುತ್ತವೆ. 'ರ‍್ಯಾಂಕ್' ಎಂದು ಬರೆಯಲು 'ರ'ದ ನಂತರ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು. ಅದಿಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾಂಕ್' ಆಗುತ್ತದೆ. ಆ ಕಾಣದ ಸಂಕೇತವನ್ನು ನಿಯಮ ಬರೆಯುವವರು ಮರೆತರೆ ಪದ ಒಡೆಯುತ್ತದೆ. ಕನ್ನಡ ಓದಲು ಬಾರದ ಪರಿಣತರಿಗೆ ಅದು ಒಡೆದಿದೆ ಎಂದು ತಿಳಿಯುವುದಾದರೂ ಹೇಗೆ?

ನಾವೇನು ಮಾಡಬಹುದು?

ಇಲ್ಲಿಯೇ ನಮ್ಮ ನಿಮ್ಮಂಥವರ ಪಾತ್ರ ಬರುವುದು. ಬಗ್ ಸರಿಮಾಡಲು ಪರಿಣತಿ ಬೇಕು, ಆದರೆ ಬಗ್ ತಿಳಿಸಲು ಅಷ್ಟು ಬೇಕಿಲ್ಲ. ನೀವು ಬರೆದದ್ದೇನು, ಬಂದದ್ದೇನು, ಬರಬೇಕಿದ್ದದ್ದೇನು ಎಂಬ ಮೂರು ಸಂಗತಿಗಳ ಜೊತೆ ತಂತ್ರಾಂಶದ ಆವೃತ್ತಿಯನ್ನು ಹೇಳಿದರೆ ಸಾಕು. ಪರದೆಯ ಚಿತ್ರ ಒಳ್ಳೆಯದು, ಆದರೆ ಪಠ್ಯವನ್ನೂ ಕಳಿಸಿ. ಕಾಣದ ಸಂಕೇತಗಳು ಚಿತ್ರದಲ್ಲಿ ಇರುವುದಿಲ್ಲ. "ಕನ್ನಡ ಸರಿಯಾಗಿ ಬರುತ್ತಿಲ್ಲ" ಎಂಬ ಒಂದು ಸಾಲಿನ ದೂರಿಗಿಂತ, 'ರ‍್ಯಾಂಕ್' ಎಂಬ ಒಂದೇ ಪದದ ಸ್ಪಷ್ಟ ಉದಾಹರಣೆ ಹೆಚ್ಚು ಕೆಲಸ ಮಾಡುತ್ತದೆ.

ಹಾಗೆಂದು ಎಲ್ಲದಕ್ಕೂ ಭಾಷೆಯನ್ನೇ ದೂರುವುದು ಬೇಡ. ಹೊಸದಾಗಿ ಕಲಿಯುವಾಗ ತಪ್ಪು ಹೆಚ್ಚಿನ ಸಲ ನಮ್ಮ ಪ್ರೋಗ್ರಾಮಿನಲ್ಲೇ ಇರುತ್ತದೆ, ಮೊದಲು ಅಲ್ಲಿಯೇ ಹುಡುಕಬೇಕು. ಅಲ್ಲಿ ಸಿಗದಿದ್ದಾಗ, ಉದಾಹರಣೆಯನ್ನು ಐದು ಸಾಲಿಗೆ ಇಳಿಸಿದ ಮೇಲೂ ತಪ್ಪು ಉಳಿದಾಗ, ತನಗೇ ಗೊತ್ತಿಲ್ಲ ಎಂದು ಸುಮ್ಮನಾಗಬೇಕಿಲ್ಲ. ಸ್ಲೇಗಲ್ ಹಾಗೆ ಸುಮ್ಮನಾಗಿದ್ದರೆ ಲಿಸ್ಪ್‌ನ ರವಿ ಇನ್ನಷ್ಟು ಕಾಲ ತಪ್ಪು ಮನೆಯಲ್ಲೇ ಹಣ ಪಡೆಯುತ್ತಿದ್ದ. ಅಶೋಕಪುರಂನ ಆ ವಿದ್ಯಾರ್ಥಿನಿ ಕೇಳಬೇಕಾದ ಪ್ರಶ್ನೆಯೂ ಅದೇ: ಇಲ್ಲಿ ಯಾವುದು ಸರಿ ಎಂದು ಯಾರು ನಿರ್ಧರಿಸಿದರು, ಅವರಿಗೆ ನಮ್ಮ ಅಕ್ಷರದ ಲೆಕ್ಕ ಗೊತ್ತಿತ್ತೇ?